ಹಾಲಿನ ಅಲರ್ಜಿ ಜೋರಾಗಿ ಬಂದು ಹೋದ ಮೇಲೆ ಏನು ಮಾಡಬೇಕು?

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ. ಇದರಿಂದ ಮುಂದೆ ಏನಾದರೂ ತೊಂದರೆ ಉಳಿಯುತ್ತಾ? ಹಾಲೋ, ಮೊಸರೋ, ಖವಾನೋ ಹೊಟ್ಟೆಗೆ ಹೋಯಿತು. ಕೆಲವೇ ನಿಮಿಷದಲ್ಲಿ ಮೈಮೇಲೆ ಪಿತ್ತದ ಗಂಧೆ ಎದ್ದವು, ತುಟಿ ಊದಿತು, ಗಂಟಲು ಬಿಗಿಯಿತು, ಬಿಪಿ ಇಳಿಯಿತು. ಇಂಜೆಕ್ಷನ್ ಕೊಟ್ಟ ಮೇಲೆ ಜೀವ ತಿರುಗಿತು. ಚೀಟಿಯಲ್ಲಿ ಡಾಕ್ಟರ್ ಅನಾಫೈಲ್ಯಾಕ್ಸಿಸ್ ಅಂತ, ಅಂದರೆ ಇಡೀ ಮೈಯನ್ನು ಹಿಡಿಯುವ, ಜೀವಕ್ಕೇ ಅಪಾಯದ ಅಲರ್ಜಿ ಅಂತ ಬರೆದಿದ್ದಾರೆ. ಸರಿ, ಇನ್ನು ಮುಂದೆ?

ದೇಹದ ಮಟ್ಟಿಗೆ ಹೇಳುವುದಾದರೆ ಬಹಳಷ್ಟು ಜನ ಪೂರ್ತಿ ಸುಧಾರಿಸಿಕೊಳ್ಳುತ್ತಾರೆ. ಕೆಲವು ದಿನ ಸುಸ್ತು, ತಲೆಭಾರ, ನಿದ್ದೆ ಏರುಪೇರು ಇರಬಹುದು. ಹೃದಯಕ್ಕೋ ಮೆದುಳಿಗೋ ಕಾಯಂ ಪೆಟ್ಟು ಬೀಳುವುದು ಅಪರೂಪ, ಅದೂ ಉಸಿರು ನಿಂತು ಅಥವಾ ಬಿಪಿ ತುಂಬಾ ಹೊತ್ತು ಕೆಳಗೇ ಇದ್ದು ಆಮ್ಲಜನಕ ಸಿಗದೇ ಹೋದವರಲ್ಲಿ. ನಿಜವಾಗಿ ಉಳಿಯುವುದು ಬೇರೆ. ಅಲರ್ಜಿ ಹೋಗಿರುವುದಿಲ್ಲ, ಮತ್ತೆ ಬರಬಹುದು. ಊಟದ ಭಯ ಹಿಡಿಯುತ್ತದೆ. ಹಾಲು ಬಿಟ್ಟಿದ್ದರಿಂದ ಮೈಗೆ ಬೇಕಾದ ಕೆಲವು ಅಂಶ ಸದ್ದಿಲ್ಲದೆ ಕಡಿಮೆಯಾಗುತ್ತಾ ಹೋಗುತ್ತವೆ. ಈ ಕೊನೆಯದನ್ನು ಯಾರೂ ಹೇಳುವುದಿಲ್ಲ, ನನ್ನ ಪ್ರಕಾರ ನಮ್ಮ ಕಡೆ ಅದೇ ದೊಡ್ಡದು.

ನಾನು ಡಾಕ್ಟರ್ ಅಲ್ಲ. ನನ್ನ ಅಕ್ಕನ ಮಗನಿಗೆ ಈ ಅಲರ್ಜಿ ಇದೆ, ಇರುವುದು ಬೆಳಗಾವಿ. ಹಾಲಿನ ಸಿಹಿ ಕುಂದಾ ಹಂಚದೆ ಯಾವ ಖುಷಿಯ ಸುದ್ದಿಯೂ ಪೂರ್ತಿಯಾಗದ ಊರು ಇದು. ಇಲ್ಲಿ ಹಾಲಿಲ್ಲದೆ ಬದುಕಬೇಕಾದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬಹುದು ಅಂತ ಒಂದು ಕ್ರಮದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ಇದಕ್ಕೂ ತಾಳೆ ಆಗದಿದ್ದರೆ ಅವರ ಮಾತು ಹಿಡಿಯಿರಿ.

ಹಂತ 1: ಮೊದಲ ಮೂರು ದಿನ ಒಬ್ಬರೇ ಇರಬೇಡಿ

ಒಮ್ಮೆ ಇಳಿದ ರಿಯಾಕ್ಷನ್, ಮತ್ತೆ ಏನೂ ತಿನ್ನದೇ ಇದ್ದರೂ, ಕೆಲವು ಗಂಟೆ ಬಿಟ್ಟು ಎರಡನೇ ಸಲ ಏಳಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಆಗುವವರಲ್ಲಿ ಹೆಚ್ಚಾಗಿ ಮೊದಲ ದಿನವೇ ಆಗುತ್ತದೆ, 72 ಗಂಟೆವರೆಗೂ ಸಾಧ್ಯತೆ ಇರುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಕೆಲವು ಗಂಟೆ ಇಟ್ಟುಕೊಂಡು ನೋಡುತ್ತಾರೆ, ಜೋರಾಗಿ ಆಗಿದ್ದರೆ ರಾತ್ರಿಯಿಡೀ. "ಆರಾಮ್ ಆಗೇನಿ, ಮನಿಗೆ ಹೋಗೂಣು" ಅಂತ ಅವಸರ ಮಾಡಿ ಎದ್ದು ಬರಬೇಡಿ. ನಿಮ್ಮ ಊರು ದೂರ ಇದ್ದರೆ, ಅಂದರೆ ಬೆಳಗಾವಿಯಲ್ಲಿ ಚಿಕಿತ್ಸೆ ಆಗಿ ರಾಮದುರ್ಗದ ಕಡೆ ಹಳ್ಳಿಗೆ ಹೋಗಬೇಕಿದ್ದರೆ, ಆ ರಾತ್ರಿ ಊರಲ್ಲೇ ಯಾರಾದರೂ ನೆಂಟರ ಮನೆಯಲ್ಲಿ ಉಳಿಯುವುದು ವಾಸಿ.

ಈ ದಿನಗಳಲ್ಲಿ ಸರಾಯಿ ಬೇಡ, ಓಟ, ಜಿಮ್ ಬೇಡ, ಡಾಕ್ಟರನ್ನು ಕೇಳದೆ ನೋವಿನ ಗುಳಿಗೆಯೂ ಬೇಡ.

ಹಂತ 2: ಕಾಗದ ಸರಿ ಮಾಡಿಕೊಳ್ಳಿ

ಬೇಜಾರಿನ ಕೆಲಸ, ಗೊತ್ತು. ಆದರೆ ಕೆಲವು ವಾರಗಳ ನಂತರ ಅಲರ್ಜಿ ಡಾಕ್ಟರ್ ಮುಂದೆ ಕೂತಾಗ ಉಪಯೋಗಕ್ಕೆ ಬರುವುದು ಇದೇ. ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೀ "ಅಲರ್ಜಿಕ್ ರಿಯಾಕ್ಷನ್" ಅಂತ ಇದ್ದರೆ ಸಾಲದು. ಏನು ತಿಂದಿದ್ದು, ಎಷ್ಟು, ತಿಂದ ಎಷ್ಟು ನಿಮಿಷಕ್ಕೆ ಶುರುವಾಯಿತು, ಮೊದಲು ಏನು ಕಾಣಿಸಿತು, ಬಿಪಿ ಎಷ್ಟಿತ್ತು, ಜೀವ ಉಳಿಸುವ ಆಡ್ರಿನಲಿನ್ ಇಂಜೆಕ್ಷನ್ ಕೊಟ್ಟರಾ, ಎಷ್ಟು ಸಲ ಕೊಟ್ಟರು, ಇದೆಲ್ಲ ಬರೆಸಿಕೊಳ್ಳಿ. ತಿಂದ ಪದಾರ್ಥದ ಪ್ಯಾಕೆಟ್ ಇದ್ದರೆ ಬಿಸಾಡಬೇಡಿ, ಹಿಂದಿನ ಪದಾರ್ಥಗಳ ಪಟ್ಟಿಯ ಫೋಟೋ ತೆಗೆದಿಡಿ. ಬೇಕರಿಯದೋ ಮದುವೆ ಮನೆಯದೋ ಆಗಿದ್ದರೆ ಮಾಡಿದವರನ್ನೇ ಕೇಳಿ ಬರೆದಿಡಿ, ಜಗಳಕ್ಕಲ್ಲ, ಮಾಹಿತಿಗೆ.

ರಿಯಾಕ್ಷನ್ ಆದ ಮೊದಲ ಕೆಲವು ಗಂಟೆಯೊಳಗೆ ಟ್ರಿಪ್ಟೇಸ್ ಅನ್ನುವ ರಕ್ತ ಪರೀಕ್ಷೆ ಮಾಡಿದ್ದರೆ ಅದರ ವರದಿಯೂ ಬೇಕು. ಅದು ನಾರ್ಮಲ್ ಬಂದಿದೆ ಅಂದ ಮಾತ್ರಕ್ಕೆ ಅಲರ್ಜಿ ಅಲ್ಲ ಅಂತ ತಿಳಿಯಬೇಡಿ. ಊಟದಿಂದ ಆಗುವ ಅನಾಫೈಲ್ಯಾಕ್ಸಿಸ್‌ನಲ್ಲಿ, ಅದರಲ್ಲೂ ಮಕ್ಕಳಲ್ಲಿ, ಅದು ನಾರ್ಮಲ್ ಇರುವುದು ಸಾಮಾನ್ಯ.

ಹಂತ 3: ಪರೀಕ್ಷೆಗೆ ನಾಲ್ಕರಿಂದ ಆರು ವಾರ ಬಿಟ್ಟು ಹೋಗಿ

ಜೋರಾದ ರಿಯಾಕ್ಷನ್ ಆದ ತಕ್ಷಣ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಮಾಡಿದರೆ, ಅಲರ್ಜಿ ಇದ್ದರೂ ಇಲ್ಲ ಅಂತ ತೋರಿಸುವ ಅಪಾಯ ಇದೆ. ಅದಕ್ಕೇ ಈ ಗಡುವು. ಹೋಗುವ ಮುಂಚೆ ಸೆಟಿರಿಜಿನ್ ತರಹದ ಅಲರ್ಜಿ ಗುಳಿಗೆಗಳನ್ನು ಎಷ್ಟು ದಿನ ನಿಲ್ಲಿಸಬೇಕು ಅಂತ ಫೋನ್ ಮಾಡಿ ಕೇಳಿಕೊಳ್ಳಿ, ಸಾಮಾನ್ಯವಾಗಿ ಸುಮಾರು ಒಂದು ವಾರ ಹೇಳುತ್ತಾರೆ. ರಕ್ತದಲ್ಲಿ ಹಾಲಿನ ಐಜಿಇ, ಅಂದರೆ ಅಲರ್ಜಿ ಎಬ್ಬಿಸುವ ಪ್ರತಿಕಾಯ, ನೋಡುವ ಪರೀಕ್ಷೆಗೆ ಈ ಗುಳಿಗೆಗಳ ಕಾಟ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಲ್ಯಾಬಿನವರು "ನೂರಾರು ಪದಾರ್ಥದ ಪ್ಯಾಕೇಜ್" ಅಂತ ಐಜಿಜಿ ಅನ್ನುವ ಬೇರೆ ಪ್ರತಿಕಾಯದ ಪರೀಕ್ಷೆ ತೋರಿಸಬಹುದು. ಅದಕ್ಕೆ ದುಡ್ಡು ಹಾಕಬೇಡಿ. ಐಜಿಜಿ ತೋರಿಸುವುದು ನೀವು ಆ ಪದಾರ್ಥ ತಿಂದಿದ್ದೀರಿ ಅನ್ನುವುದನ್ನೇ ಹೊರತು ಅಲರ್ಜಿಯನ್ನಲ್ಲ. ಆ ಪಟ್ಟಿ ಹಿಡಿದುಕೊಂಡು ಗೋದಿ, ತೊಗರಿ, ಬದನೆಕಾಯಿ ಎಲ್ಲ ಬಿಟ್ಟು ಒಣಗಿ ಹೋದವರಿದ್ದಾರೆ.

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಮಾತ್ರ ಆಗುವವರದ್ದು ಬೇರೆ ಕತೆ. ಅದು ಹೆಚ್ಚಾಗಿ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಜೀರ್ಣವಾಗದ ತೊಂದರೆ. ಕಿರಿಕಿರಿ ಹೌದು, ಜೀವಕ್ಕೆ ಅಪಾಯ ಇಲ್ಲ. ನಾವು ಮಾತಾಡುತ್ತಿರುವುದು ಹಾಲಿನ ಪ್ರೋಟೀನಿಗೆ, ಅಂದರೆ ಕೇಸೀನ್‌ಗೋ ವೇಗೋ ಅಥವಾ ಎರಡಕ್ಕೂ, ದೇಹ ಶತ್ರು ಬಂದಂತೆ ಎಗರಾಡುವ ಅಲರ್ಜಿ. ಹಾಗಾಗಿ "ಲ್ಯಾಕ್ಟೋಸ್ ಫ್ರೀ" ಅಂತ ಬರೆದ ಹಾಲು ನಿಮಗಲ್ಲ, ಅದರಲ್ಲಿ ಪ್ರೋಟೀನ್ ಹಾಗೇ ಇರುತ್ತದೆ. ಕಾಯಿಸಿದರೆ ಹೋಗುತ್ತದೆ ಅನ್ನುವುದೂ ಸುಳ್ಳು, ಕೇಸೀನ್ ಕುದಿಸಿದರೂ ಜಗ್ಗುವುದಿಲ್ಲ. "ಆಕಳ ಹಾಲು ಆಗದಿದ್ದರ ಆಡಿನ ಹಾಲು ಕೊಡ್ರಿ" ಅಂತ ಹೇಳುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಆಕಳು, ಎಮ್ಮೆ, ಆಡು, ಕುರಿ, ಇವುಗಳ ಹಾಲಿನ ಪ್ರೋಟೀನ್ ಒಂದಕ್ಕೊಂದು ಎಷ್ಟು ಹತ್ತಿರ ಅಂದರೆ ಒಂದಕ್ಕೆ ಅಲರ್ಜಿ ಇರುವ ಬಹುತೇಕರಿಗೆ ಉಳಿದವೂ ಆಗುವುದಿಲ್ಲ.

ಎಲ್ಲಿಗೆ ಹೋಗುವುದು? ಅಲರ್ಜಿಗೇ ಅಂತ ಕೂತ ತಜ್ಞರು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕಡಿಮೆ. ಮಕ್ಕಳಾದರೆ ಮಕ್ಕಳ ವಿಭಾಗದಲ್ಲಿ, ದೊಡ್ಡವರಾದರೆ ಚರ್ಮ ಅಥವಾ ಶ್ವಾಸಕೋಶದ ವಿಭಾಗದಲ್ಲಿ ಶುರು ಮಾಡಿ. ಮೂರೂ ಕಡೆ ಮೆಡಿಕಲ್ ಕಾಲೇಜ್ ಆಸ್ಪತ್ರೆಗಳಿವೆ. ಅಲ್ಲಿ ಆಗದಿದ್ದರೆ ಎಲ್ಲಿಗೆ ಕಳಿಸಬೇಕು ಅಂತ ಅವರೇ ಬರೆದುಕೊಡುತ್ತಾರೆ.

ಹಂತ 4: ಆಡ್ರಿನಲಿನ್ ಕೈಯಲ್ಲಿರಲಿ, ಹಾಕುವುದು ಗೊತ್ತಿರಲಿ

ಈ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ನಮ್ಮಲ್ಲಿ ಗಂಧೆ ಎದ್ದ ಕೂಡಲೇ ಸೆಟಿರಿಜಿನ್ ಅಥವಾ ಅವಿಲ್ ಹುಡುಕುತ್ತೇವೆ. ಅವು ತುರಿಕೆ ಇಳಿಸುತ್ತವೆ. ಮುಚ್ಚುತ್ತಿರುವ ಗಂಟಲನ್ನು ತೆರೆಯುವುದಿಲ್ಲ, ಇಳಿದ ಬಿಪಿಯನ್ನು ಏರಿಸುವುದಿಲ್ಲ. ಆ ಕೆಲಸ ಮಾಡುವ ಔಷಧ ಆಡ್ರಿನಲಿನ್. ತಡವಾದಷ್ಟೂ ಅಪಾಯ ಜಾಸ್ತಿ. ಅನಾಫೈಲ್ಯಾಕ್ಸಿಸ್‌ನಿಂದ ಆಗುವ ಸಾವುಗಳ ಹಿಂದೆ ಮತ್ತೆ ಮತ್ತೆ ಕಾಣುವ ಕಾರಣವೇ ಇದು, ಇಂಜೆಕ್ಷನ್ ತಡವಾಗಿದ್ದು.

ವಿದೇಶದಲ್ಲಿ ಪೆನ್ನಿನ ತರಹದ, ಒತ್ತಿದರೆ ತಾನೇ ಚುಚ್ಚುವ ಇಂಜೆಕ್ಟರ್ ಇಟ್ಟುಕೊಳ್ಳುತ್ತಾರೆ. ನಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಅದನ್ನು ನೆಚ್ಚಿಕೊಂಡು ಕೂರಲಾಗದು. ಇಲ್ಲಿ ಸಿಗುವುದು 1 ಮಿಲಿ ಗಾಜಿನ ಆಂಪೂಲ್, ಅದರಲ್ಲಿ 1 ಮಿಲಿಗ್ರಾಂ ಆಡ್ರಿನಲಿನ್. ಬೆಲೆ ತೀರಾ ಕಡಿಮೆ. ಡಾಕ್ಟರ್ ಹತ್ತಿರ ಚೀಟಿ ಬರೆಸಿಕೊಳ್ಳಿ, ನಿಮ್ಮ ತೂಕಕ್ಕೆ ಎಷ್ಟು ಅಂತ ಮಿಲಿಯಲ್ಲೇ ಬರೆಸಿಕೊಳ್ಳಿ. ಸಾಮಾನ್ಯ ಲೆಕ್ಕ ಪ್ರತಿ ಕೆಜಿಗೆ 0.01 ಮಿಲಿಗ್ರಾಂ, ಮಕ್ಕಳಿಗೆ ಒಂದು ಸಲಕ್ಕೆ 0.3ರ ಮೇಲೆ ಹೋಗುವುದಿಲ್ಲ, ದೊಡ್ಡವರಿಗೆ 0.5ರ ಮೇಲೆ ಹೋಗುವುದಿಲ್ಲ. ಲೆಕ್ಕ ಗೊತ್ತಿರಲಿ ಅಂತ ಹೇಳಿದೆ, ನಿಮ್ಮ ಪ್ರಮಾಣ ಡಾಕ್ಟರೇ ಬರೆಯಬೇಕು. ಆಮೇಲೆ ನರ್ಸ್ ಮುಂದೆ ಕೂತು, ಆಂಪೂಲಿನ ಕುತ್ತಿಗೆ ಮುರಿಯುವುದು, ಸಿರಿಂಜಿಗೆ ಎಳೆಯುವುದು, ತೊಡೆಯ ಹೊರ ಪಕ್ಕದ ಮಧ್ಯಭಾಗಕ್ಕೆ ನೇರವಾಗಿ ಚುಚ್ಚುವುದು, ಇದನ್ನು ನೀರು ತುಂಬಿದ ಸಿರಿಂಜಿನಿಂದ ಕಿತ್ತಳೆ ಹಣ್ಣಿನ ಮೇಲೆ ಕೈ ಪಳಗುವವರೆಗೂ ಮಾಡಿ. ಮನೆಯಲ್ಲಿ ಒಬ್ಬರಿಗಲ್ಲ, ಕಡಿಮೆ ಅಂದರೆ ಇಬ್ಬರಿಗೆ ಬರಬೇಕು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೊಕ್ಕವಾಗಿ ಕಲಿತವರು ಹುಡುಗನ ಮುತ್ಯಾ, ಕೃಷಿಯಲ್ಲಿ ಎತ್ತುಗಳಿಗೆ ಸೂಜಿ ಹಾಕಿಸಿ ಅಭ್ಯಾಸ ಇದ್ದವರು.

ಯಾವಾಗ ಹಾಕಬೇಕು? ಹಾಲು ಹೋಗಿರಬಹುದು ಅನ್ನುವ ಅನುಮಾನ ಇದ್ದು, ಉಸಿರಾಟದ ತೊಂದರೆ, ದನಿ ಬದಲಾಗುವುದು, ಗಂಟಲು ಬಿಗಿಯುವುದು, ತಲೆ ತಿರುಗಿ ಕುಸಿಯುವುದು, ಇವುಗಳಲ್ಲಿ ಒಂದು ಕಂಡರೂ ಸಾಕು. ಗಂಧೆಯ ಜೊತೆಗೆ ಮೇಲಿಂದ ಮೇಲೆ ವಾಂತಿ ಆಗುತ್ತಿದ್ದರೂ ಹಾಕಿ. ಗಂಧೆ ಏಳಲೇಬೇಕು ಅಂತ ಏನಿಲ್ಲ, ಕೆಲವು ಸಲ ಚರ್ಮ ಸುಮ್ನೆ ಇದ್ದು ಬಿಪಿ ಮಾತ್ರ ಬೀಳುತ್ತದೆ.

ಹಾಕಿದ ಮೇಲೆ ಮಲಗಿಸಿ, ಕಾಲು ಎತ್ತರಕ್ಕೆ ಇಡಿ. ಉಸಿರಾಡಲು ಕಷ್ಟ ಇದ್ದರೆ ಕಾಲು ಚಾಚಿ ಕೂರಿಸಿ. ವಾಂತಿ ಬರುತ್ತಿದ್ದರೆ ಮಗ್ಗುಲಾಗಿಸಿ. ಎಬ್ಬಿಸಿ ನಿಲ್ಲಿಸಬೇಡಿ, ನಡೆಸಿಕೊಂಡು ಹೋಗಬೇಡಿ, ಬೈಕಿನ ಮೇಲೆ ಮಧ್ಯೆ ಕೂರಿಸಿಕೊಂಡು ಹೋಗುವುದಂತೂ ಬೇಡವೇ ಬೇಡ, ಬಿಪಿ ಬಿದ್ದವರು ನೆಟ್ಟಗೆ ಕೂತಾಗಲೇ ಹೃದಯ ನಿಲ್ಲುವ ಅಪಾಯ ಇರುತ್ತದೆ. 108ಕ್ಕೆ ಫೋನ್ ಮಾಡಿ. ಐದು ನಿಮಿಷ ಕಳೆದರೂ ಸುಧಾರಿಸದಿದ್ದರೆ ಎರಡನೇ ಡೋಸ್. ಹಾಗಾಗಿ ಆಂಪೂಲ್ ಯಾವಾಗಲೂ ಜೋಡಿ ಇರಬೇಕು. ಸವದತ್ತಿ ಎಲ್ಲಮ್ಮನ ಗುಡ್ಡದ ಹುಣ್ಣಿಮೆ ಜಾತ್ರೆಯಂಥ ಕಡೆ ಹೋಗುವಾಗ ಇನ್ನೂ ಒಂದು ಜಾಸ್ತಿ ಇರಲಿ, ಆ ಗದ್ದಲದಲ್ಲಿ ಗಾಡಿ ಒಳಗೆ ಬರುವುದಕ್ಕೇ ಹೊತ್ತು ಹಿಡಿಯುತ್ತದೆ.

ಇನ್ನು ಬಿಸಿಲು. ಆಡ್ರಿನಲಿನ್ ಬಿಸಿಗೂ ಬೆಳಕಿಗೂ ಕೆಡುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟುತ್ತದೆ, ಕಾರಿನ ಒಳಗೆ, ಸ್ಕೂಟರಿನ ಡಿಕ್ಕಿಯೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಅಲ್ಲಿ ಬಿಟ್ಟರೆ ಔಷಧ ಕೆಲಸಕ್ಕೆ ಬಾರದಂತಾಗುತ್ತದೆ. ಡಬ್ಬಿಯಲ್ಲಿ ಹಾಕಿ, ಮೈಹತ್ತಿರದ ಚೀಲದಲ್ಲಿ ಇಟ್ಟುಕೊಳ್ಳಿ, ಐಸಿಗೆ ತಾಗಿಸಬೇಡಿ. ದ್ರವ ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ, ತಾರೀಖು ಮುಗಿದಿದ್ದರೆ ಹೊಸದು ತನ್ನಿ.

ಹಂತ 5: ಬೇರೆ ಔಷಧಗಳಲ್ಲೂ ಹಾಲು ಇರುತ್ತದೆ

ಇದು ಬಹಳ ಜನರಿಗೆ ಗೊತ್ತಿಲ್ಲ. ಅಸ್ತಮಾಕ್ಕೆ ಕ್ಯಾಪ್ಸೂಲ್ ಹಾಕಿ ಸೇದುವ ಪುಡಿಯ ಇನ್ಹೇಲರ್ ನಮ್ಮ ಕಡೆ ಮನೆಮನೆಯಲ್ಲಿವೆ. ಆ ಪುಡಿಯಲ್ಲಿ ಔಷಧದ ಜೊತೆ ಸೇರಿಸುವುದು ಹೆಚ್ಚಾಗಿ ಲ್ಯಾಕ್ಟೋಸ್. ಅದರಲ್ಲಿ ಹಾಲಿನ ಪ್ರೋಟೀನ್ ಅತಿ ಸಣ್ಣ ಪ್ರಮಾಣದಲ್ಲಿ ಉಳಿದಿರಬಹುದು, ಜೋರಾದ ಅಲರ್ಜಿ ಇದ್ದವರಲ್ಲಿ ಅದೇ ರಿಯಾಕ್ಷನ್ ಎಬ್ಬಿಸಿದ ಉದಾಹರಣೆಗಳಿವೆ. ಒತ್ತಿದರೆ ಸ್ಪ್ರೇ ಬರುವ ಪಂಪ್, ಅದಕ್ಕೆ ಜೋಡಿಸುವ ಸ್ಪೇಸರ್ ಕೊಳವೆಯ ಜೊತೆ, ಸಾಮಾನ್ಯವಾಗಿ ಈ ತಾಪತ್ರಯ ಇಲ್ಲದ್ದು. ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಿ, ನೀವಾಗೇ ನಿಲ್ಲಿಸಬೇಡಿ. ಹಿಡಿತದಲ್ಲಿಲ್ಲದ ಅಸ್ತಮಾ ಇರುವವರಿಗೇ ಮುಂದಿನ ರಿಯಾಕ್ಷನ್ ಜಾಸ್ತಿ ಅಪಾಯದ್ದು.

ಇನ್ನೊಂದು ವಿಚಿತ್ರ: ಅಲರ್ಜಿ ಆದಾಗ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್‌ಗಳಲ್ಲಿ ಮಿಥೈಲ್‌ಪ್ರೆಡ್ನಿಸೊಲೋನ್ ಅನ್ನುವುದರ ಕೆಲವು ತಯಾರಿಕೆಗಳಲ್ಲಿ ಹಾಲಿನಿಂದ ತೆಗೆದ ಲ್ಯಾಕ್ಟೋಸ್ ಇರುತ್ತದೆ. ಹಾಲಿನ ಅಲರ್ಜಿ ಇದ್ದವರಿಗೆ ಅವನ್ನು ಕೊಡಬಾರದು ಅಂತ ಯುರೋಪಿನ ಔಷಧ ಸಂಸ್ಥೆ 2017ರಲ್ಲಿ ಹೇಳಿತು. ತುರ್ತು ಚಿಕಿತ್ಸೆಯಲ್ಲಿ ಈ ಮಾತು ನೆನಪಿಸುವವರು ನಿಮ್ಮ ಜೊತೆ ಇರಬೇಕು, ಅಥವಾ ಪರ್ಸಿನಲ್ಲಿ ಒಂದು ಚೀಟಿ ಇರಬೇಕು.

ಹೋಮಿಯೋಪತಿ ಪುಡಿ ಮತ್ತು ಗುಳಿಗೆಗಳಲ್ಲಿ ಹಾಲಿನ ಸಕ್ಕರೆ ಬಳಸುವುದು ವಾಡಿಕೆ. ಆಯುರ್ವೇದದಲ್ಲಿ ಘೃತ ಅಂತ ಹೆಸರಿದ್ದರೆ ತುಪ್ಪ, ಚ್ಯವನಪ್ರಾಶದಲ್ಲೂ ತುಪ್ಪ ಇರುತ್ತದೆ. ಜಿಮ್‌ನವರ ವೇ ಪ್ರೋಟೀನ್ ಪುಡಿ ಅಂದರೆ ಹಾಲೇ. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅಲರ್ಜಿ ಇದೆ ಅಂತ ಆ ಡಾಕ್ಟರಿಗೆ ಹೇಳಿ, ಆ ಗುಳಿಗೆ ಇದ್ದಾಗ ಆಡ್ರಿನಲಿನ್ ಸರಿಯಾಗಿ ಕೆಲಸ ಮಾಡದೇ ಇರಬಹುದು.

ಹಂತ 6: ಅಡುಗೆಮನೆ, ಖಾನಾವಳಿ, ಅಂಗಡಿ

ಸಂತೋಷದ ವಿಷಯ ಅಂದರೆ ನಮ್ಮ ಊಟದ ಅಡಿಪಾಯದಲ್ಲಿ ಹಾಲಿಲ್ಲ. ಜೋಳದ ರೊಟ್ಟಿಗೆ ಬಿಸಿನೀರು ಸಾಕು. ಎಣ್ಣೆಗಾಯಿ, ಕಾಳು ಪಲ್ಯ, ಪುಂಡಿ ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಎಲ್ಲ ಹಾಲಿಲ್ಲದವೇ. ತೊಂದರೆ ಬರುವುದು ಮೇಲಿನಿಂದ. ಖಾನಾವಳಿಯಲ್ಲಿ ರೊಟ್ಟಿ ಮೇಲೆ ಬೆಣ್ಣೆ ಉಂಡೆ ಇಡುತ್ತಾರೆ, ಅನ್ನಕ್ಕೆ ಕೇಳದೆ ತುಪ್ಪ ಸುರಿಯುತ್ತಾರೆ, ಮಜ್ಜಿಗೆಗೆ ಅದ್ದಿದ ಸೌಟನ್ನೇ ಸಾರಿಗೆ ಹಾಕುತ್ತಾರೆ. ಕೂತ ತಕ್ಷಣ ಹೇಳಿ, ತಟ್ಟೆ ಬಂದ ಮೇಲಲ್ಲ. ಬೆಣ್ಣೆ ಎತ್ತಿ ಪಕ್ಕಕ್ಕಿಟ್ಟರೆ ಆ ರೊಟ್ಟಿ ಸರಿ ಹೋಗುವುದಿಲ್ಲ, ಬೇರೆ ತಟ್ಟೆಯೇ ಬೇಕು.

ತುಪ್ಪದ ಬಗ್ಗೆ ದೊಡ್ಡ ವಾದ ನಡೆಯುತ್ತದೆ. ಕಾಯಿಸಿ ಸೋಸಿದ್ದು, ಬರೀ ಕೊಬ್ಬು, ಅದರಲ್ಲಿ ಪ್ರೋಟೀನ್ ಎಲ್ಲಿ ಅನ್ನುತ್ತಾರೆ. ಸ್ವಲ್ಪ ಉಳಿದೇ ಇರುತ್ತದೆ. ಅನಾಫೈಲ್ಯಾಕ್ಸಿಸ್ ಆದವರು ತುಪ್ಪವನ್ನೂ ಹಾಲೆಂದೇ ಲೆಕ್ಕ ಹಿಡಿಯಬೇಕು. ಹಾಗಾದರೆ ಸಿಹಿ? ಕುಂದಾ ಹಾಲೇ, ಮಂಡಿಗೆಯಲ್ಲಿ ಖವಾ ತುಪ್ಪ, ಗೋಕಾಕ್ ಮತ್ತು ಅಮೀನಗಡದ ಕರದಂಟಿನಲ್ಲಿ ಖವಾ ಇಲ್ಲದಿದ್ದರೂ ಅಂಟನ್ನು ತುಪ್ಪದಲ್ಲಿ ಹುರಿಯುತ್ತಾರೆ. ಗೋದಿ ಹುಗ್ಗಿ, ಮಾದಲಿಗೆ ಹಾಲು ತುಪ್ಪ ಬೇಕೇ ಬೇಕು ಅಂತಾರೆ. ಮನೆಯಲ್ಲಿ ಎಣ್ಣೆಯಲ್ಲಿ ಬೇಯಿಸಿದ ಶೇಂಗಾ ಹೋಳಿಗೆ, ತೆಂಗಿನಹಾಲು ಹಾಕಿದ ಹುಗ್ಗಿ, ಎಳ್ಳುಂಡೆ ಇವು ಸಾಧ್ಯ. ನನಗಂತೂ ತೆಂಗಿನಹಾಲಿನ ಹುಗ್ಗಿ ಮೂಲದ್ದಕ್ಕಿಂತ ಹಿಡಿಸಿದೆ, ಆದರೆ ಅಕ್ಕನ ಅತ್ತಿ ಮುಂದೆ ಹೇಳುವ ಧೈರ್ಯ ಇಲ್ಲ.

ಪ್ಯಾಕೆಟ್ ಕೊಳ್ಳುವಾಗ ಹಸಿರು ಚುಕ್ಕೆ ನೋಡಿ ಸಮಾಧಾನ ಪಡಬೇಡಿ. ಅದು ಸಸ್ಯಾಹಾರ ಅನ್ನುತ್ತದೆ ಅಷ್ಟೇ, ಹಾಲು ಅದರಲ್ಲಿ ಬರುತ್ತದೆ. ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಹಾಲು ಇದ್ದರೆ ಅಲರ್ಜಿ ಮಾಹಿತಿಯಲ್ಲಿ ಬರೆಯಲೇಬೇಕು, ಪದಾರ್ಥಗಳ ಪಟ್ಟಿಯ ಕೆಳಗೆ ಅಥವಾ ಪಕ್ಕದಲ್ಲಿ ಹುಡುಕಿ. ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಕೇಸಿನೇಟ್, ಬಟರ್, ಗೀ, ಇವೆಲ್ಲ ಒಂದೇ. ಬಿಸ್ಕತ್ತು, ಬ್ರೆಡ್ಡು, ಚಿಪ್ಸಿನ ಮಸಾಲೆ, ಚಾಕೊಲೇಟ್, ಸೂಪಿನ ಪುಡಿ ಎಲ್ಲಿ ಬೇಕಾದರೂ ಇರಬಹುದು. ಹಳೆಯ ಬ್ರಾಂಡ್ ಅಂತ ನಂಬಬೇಡಿ, ಪ್ರತಿ ಸಲ ಓದಿ, ಕಂಪನಿಗಳು ಹೇಳದೆ ಬದಲಿಸುತ್ತವೆ. ಬಿಡಿಯಾಗಿ ಮಾರುವ ಬೇಕರಿ ಖಾರಿ, ಟೋಸ್ಟ್, ಚಿವಡಾಕ್ಕೆ ಲೇಬಲ್ಲೇ ಇಲ್ಲ. ನಾವು ಅವನ್ನು ಬಿಟ್ಟೇ ಬಿಟ್ಟಿದ್ದೇವೆ.

ಗುಡಿಯಲ್ಲಿ ಪಂಚಾಮೃತ. ಕೈಯೊಡ್ಡಿ ಕಣ್ಣಿಗೆ ಒತ್ತಿಕೊಳ್ಳುವುದೂ ಬೇಡ, ಮಕ್ಕಳು ಆಮೇಲೆ ಅದೇ ಕೈಯನ್ನು ಬಾಯಿಗಿಡುತ್ತಾರೆ. ಹೂವು, ಕುಂಕುಮ ಸಾಕು. ಅಸ್ತಮಾ ಇದ್ದವರು ದೊಡ್ಡ ಕಡಾಯಿಯಲ್ಲಿ ಹಾಲು ಕುದಿಯುವ ಕಡೆ ನಿಲ್ಲದಿರುವುದು ಒಳ್ಳೆಯದು, ಆವಿಗೂ ಕೆಲವರಿಗೆ ಎದೆ ಬಿಗಿಯುತ್ತದೆ.

ಹಂತ 7: ಹಾಲು ಹೋದ ಜಾಗವನ್ನು ತುಂಬಿಸಿ

ಮೊದಲೇ ಹೇಳಿದೆನಲ್ಲ, ಸದ್ದಿಲ್ಲದ ತೊಂದರೆ ಅಂದರೆ ಇದು. ದಕ್ಷಿಣದವರು ರಾಗಿ ಉಣ್ಣುತ್ತಾರೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ನಮ್ಮ ಜೋಳದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಅಂದರೆ ನಮ್ಮ ಮನೆಗಳಲ್ಲಿ ಮೂಳೆಗೆ ಬೇಕಾದ ಕ್ಯಾಲ್ಸಿಯಂನ ದೊಡ್ಡ ಭಾಗ ಬರುತ್ತಿದ್ದುದೇ ಹಾಲು, ಮೊಸರು, ಮಜ್ಜಿಗೆಯಿಂದ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಅನ್ನುತ್ತದೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಲೆಕ್ಕ. ಒಂದು ಲೋಟ ಹಾಲಿನಲ್ಲಿ ಸುಮಾರು 240 ಇತ್ತು. ಅದು ಹೋದರೆ ರೊಟ್ಟಿ ಪಲ್ಯ ತುಂಬಿಸಿಕೊಡುವುದಿಲ್ಲ.

ರಾಗಿಯನ್ನು ವಾರದಲ್ಲಿ ಕೆಲವು ದಿನ ಅಂಬಲಿಯಾಗಿಯೋ ಗಂಜಿಯಾಗಿಯೋ ತಂದುಕೊಳ್ಳಿ. ಎಳ್ಳು, ಗುರೆಳ್ಳು, ಹುರುಳಿ, ನುಗ್ಗೆಸೊಪ್ಪು, ರಾಜಗಿರಿ ಸೊಪ್ಪು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮೀನು ತಿನ್ನುವವರಿಗೆ ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು. ಸೋಯಾ ಹಾಲು ಕೊಂಡರೆ ಕ್ಯಾಲ್ಸಿಯಂ ಸೇರಿಸಿದ್ದಾ ಅಂತ ನೋಡಿ, ಸೇರಿಸದ ಬಾದಾಮಿ ಹಾಲು ಬರೀ ದುಬಾರಿ ಬಿಳಿನೀರು. ಇಷ್ಟರಲ್ಲಿ ಸಾಲದಿದ್ದರೆ ಡಾಕ್ಟರ್ ಗುಳಿಗೆ ಬರೆಯುತ್ತಾರೆ, ವಿಟಮಿನ್ ಡಿ ಜೊತೆಗೆ.

ಅದಕ್ಕಿಂತ ಮುಖ್ಯ ವಿಟಮಿನ್ ಬಿ12. ಮಾಂಸ, ಮೀನು, ತತ್ತಿ ಮುಟ್ಟದ ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳಲ್ಲಿ ಬಿ12 ಬರುವ ದಾರಿ ಒಂದೇ, ಹಾಲು. ಆ ದಾರಿ ಮುಚ್ಚಿದರೆ ಬೇರೆ ಯಾವ ಕಾಳು, ಸೊಪ್ಪಿನಿಂದಲೂ ಅದು ಸಿಗುವುದಿಲ್ಲ. ಲಿವರ್‌ನಲ್ಲಿ ದಾಸ್ತಾನು ಇರುವುದರಿಂದ ಕೊರತೆ ತಕ್ಷಣ ಕಾಣುವುದಿಲ್ಲ. ನಿಧಾನಕ್ಕೆ ಸುಸ್ತು, ಕೈಕಾಲು ಜುಮ್ಮೆನ್ನುವುದು, ನಾಲಿಗೆ ಉರಿ, ಮರೆವು ಶುರುವಾಗುತ್ತದೆ. ಜನ ಇದನ್ನು "ಆವತ್ತಿನ ರಿಯಾಕ್ಷನ್ ಇನ್ನೂ ಮೈಯಾಗ ಉಳದೈತಿ" ಅಂದುಕೊಳ್ಳುತ್ತಾರೆ. ಅಲ್ಲ, ಅದು ಬಿ12 ಕೊರತೆ ಇರಬಹುದು, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಗುಳಿಗೆ ಇಂಜೆಕ್ಷನ್‌ಗೆ ವಾಸಿಯಾಗುತ್ತದೆ. ಬಿಟ್ಟರೆ ನರಗಳಿಗೆ ಕಾಯಂ ಪೆಟ್ಟು ಬೀಳಬಹುದು. ಹಾಲು ಬಿಟ್ಟ ಶುದ್ಧ ಸಸ್ಯಾಹಾರಿಗಳು ಮೊದಲ ತಿಂಗಳಿಂದಲೇ ಡಾಕ್ಟರನ್ನು ಕೇಳಿ ಬಿ12 ಶುರು ಮಾಡುವುದು ಸರಿ.

ಮಕ್ಕಳ ಎತ್ತರ, ತೂಕ ಮೂರು ತಿಂಗಳಿಗೊಮ್ಮೆ ಬರೆದಿಡಿ. ಎದೆಹಾಲು ಬಿಟ್ಟ ಕೂಸಾದರೆ ಅಂಗಡಿಯ ಸಾಮಾನ್ಯ ಪುಡಿಹಾಲು ಕೂಡದು, ಅಲರ್ಜಿಗೆ ಅಂತಲೇ ಪ್ರೋಟೀನ್ ಒಡೆದು ಮಾಡಿದ ಫಾರ್ಮುಲಾ ಇವೆ. ದುಬಾರಿ, ಆದರೆ ಅಕ್ಕಿಗಂಜಿ ಮೇಲೆ ಕೂಸನ್ನು ಬೆಳೆಸಲಾಗದು.

ಹಂತ 8: ಭಯವನ್ನೂ ಕಾಯಿಲೆಯಂತೆ ನೋಡಿ

ಉಸಿರು ನಿಂತ ಅನುಭವ ಆದವರಿಗೆ ಊಟದ ತಟ್ಟೆ ನೋಡಿದರೆ ಎದೆ ಬಡಿದುಕೊಳ್ಳುವುದು ಸಹಜ. ರಾತ್ರಿ ಎಚ್ಚರವಾಗುವುದು, ಹೊರಗೆ ಊಟ ನಿಲ್ಲಿಸುವುದು, ಮನೆಯ ಅನ್ನವನ್ನೂ ಮೂಸಿ ನೋಡುವುದು, ಇದು ದೊಡ್ಡವರಲ್ಲೂ ಮಕ್ಕಳಲ್ಲೂ ಆಗುತ್ತದೆ. ನೋಡಿಕೊಂಡ ಅವ್ವಂದಿರಿಗೆ ಇನ್ನೂ ಜಾಸ್ತಿ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ಇಳಿಯುತ್ತದೆ. ತಿಂಗಳಾದರೂ ಆ ದೃಶ್ಯ ಕಣ್ಮುಂದೆ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಶಾಲೆ ಕೆಲಸ ತಪ್ಪುತ್ತಿದ್ದರೆ, ಅದಕ್ಕೂ ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ನಮಗೆ ದೂರವಲ್ಲ.

ಗಾಬರಿಯೋ ರಿಯಾಕ್ಷನ್ನೋ ಗೊತ್ತಾಗದಿದ್ದಾಗ? ಗಾಬರಿಯಲ್ಲಿ ಎದೆ ಬಡಿತ, ಬೆರಳು ಜುಮ್ಮೆನ್ನುವುದು ಇರುತ್ತದೆ, ಗಂಧೆ, ಊತ, ಸುಂಯ್ ಅನ್ನುವ ಉಸಿರು, ವಾಂತಿ ಸಾಮಾನ್ಯವಾಗಿ ಇರುವುದಿಲ್ಲ. ಆದರೂ ಅನುಮಾನ ಉಳಿದರೆ ರಿಯಾಕ್ಷನ್ ಅಂತಲೇ ತಿಳಿದು ನಡೆಯಿರಿ. ಒಂದು ಸಲ ಸುಮ್ನೆ ಚುಚ್ಚಿಕೊಂಡ ಆಡ್ರಿನಲಿನ್‌ನಿಂದ ಹೆಚ್ಚಿನವರಿಗೆ ಸ್ವಲ್ಪ ಹೊತ್ತು ನಡುಕ, ಎದೆ ಬಡಿತ ಅಷ್ಟೇ.

"ಪ್ರತಿ ಸಲ ಹಿಂದಿನದಕ್ಕಿಂತ ಜೋರಾಗೇ ಬರುತ್ತದೆ" ಅನ್ನುವ ಮಾತು ಭಯವನ್ನು ದುಪ್ಪಟ್ಟು ಮಾಡುತ್ತದೆ. ಹಾಗೇನೂ ನಿಯಮ ಇಲ್ಲ. ಮುಂದಿನದು ಹಗುರ ಇರಬಹುದು, ಜೋರೂ ಇರಬಹುದು. ಜ್ವರ, ತಿಂದ ಕೂಡಲೇ ಓಡಾಟ, ಸರಾಯಿ, ಆಸ್ಪಿರಿನ್, ಐಬುಪ್ರೊಫೆನ್, ನಿದ್ದೆಗೇಡು, ಇವು ಇದ್ದಾಗ ಕಡಿಮೆ ಹಾಲಿಗೂ ಜೋರಾಗಿ ಆಗಬಹುದು.

ಹಂತ 9: ನೆಂಟರು ಮತ್ತು ಶಾಲೆ

"ಒಂದ್ ಚಮಚ ತುಪ್ಪಕ್ಕ ಏನಾಗ್ತೈತಿ ಬಿಡ್ರಿ, ತಿಂತಾ ತಿಂತಾ ರೂಢಿ ಆಗ್ತೈತಿ." ಈ ಮಾತು ಪ್ರೀತಿಯಿಂದಲೇ ಬರುತ್ತದೆ, ಅದಕ್ಕೇ ಕಷ್ಟ. ವಿಜ್ಞಾನ ಹೇಳಿ ಒಪ್ಪಿಸುವುದು ನನ್ನ ಅನುಭವದಲ್ಲಿ ಆಗದ ಕೆಲಸ. ಅವತ್ತಿನ ಡಿಸ್ಚಾರ್ಜ್ ಕಾರ್ಡ್ ತೋರಿಸಿ, "ಕಾಕಾ, ಐಸಿಯುದಾಗ ಇದ್ದ" ಅಂದರೆ ಮಾತು ಮುಗಿಯುತ್ತದೆ. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗುವಾಗ ಅಕ್ಕನ ಮಗನ ಬುತ್ತಿ ಬೇರೆ ಕಟ್ಟುತ್ತೇವೆ, ಮೊಸರನ್ನದ ಪಾತ್ರೆ ಬಿಚ್ಚುವ ಮೊದಲೇ ಬಡಿಸುತ್ತೇವೆ. ಮದುವೆಗೆ ಹೋದರೆ ಉಂಡೇ ಹೋಗುತ್ತೇವೆ. ಬೇಜಾರಾದವರು ಈಗ ರೂಢಿಯಾಗಿದ್ದಾರೆ.

ಸರ್ಕಾರಿ ಶಾಲೆ, ಅಂಗನವಾಡಿಯಲ್ಲಿ ಕ್ಷೀರಭಾಗ್ಯ ಇದೆ, 2013ರಿಂದ ಮಕ್ಕಳಿಗೆ ಬಿಸಿ ಹಾಲು ಕೊಡುತ್ತಾರೆ. ಮುಖ್ಯ ಗುರುಗಳಿಗೆ ಡಾಕ್ಟರ್ ಪತ್ರದ ಜೊತೆ ಬರೆದುಕೊಡಿ. ಬರೀ ಗುರುಗಳಿಗಲ್ಲ, ಹಾಲು ಹಂಚುವ, ಅಡುಗೆ ಮಾಡುವ ಅಕ್ಕಂದಿರಿಗೂ ಹುಡುಗನ ಮುಖ ತೋರಿಸಿ ಹೇಳಿ. ಅವನ ಲೋಟ, ತಟ್ಟೆ ಮನೆಯದೇ ಇರಲಿ. ಹಾಲು ಚರ್ಮಕ್ಕೆ ತಾಗಿದರೆ ಸಾಮಾನ್ಯವಾಗಿ ಅಲ್ಲೇ ಗಂಧೆ ಏಳುತ್ತದೆ ಅಷ್ಟೇ, ನೀರು ಸೋಪು ಹಾಕಿ ತೊಳೆದರೆ ಆಯಿತು. ಹಾಗಾಗಿ ಅವನನ್ನು ಮೂಲೆಯಲ್ಲಿ ಒಬ್ಬನೇ ಕೂರಿಸುವ ಅಗತ್ಯ ಇಲ್ಲ. ಯಾರಾದರೂ ತಮಾಷೆಗೆ ಹಾಲು ಎರಚಿದರೆ ಮಾತ್ರ ಗುರುಗಳು ಸುಮ್ಮನಿರಬಾರದು.

ಹಂತ 10: ವರ್ಷಕ್ಕೊಮ್ಮೆ ಮತ್ತೆ ನೋಡಿಸಿ

ಮಕ್ಕಳಲ್ಲಿ ಹಾಲಿನ ಅಲರ್ಜಿ ಬಹಳಷ್ಟು ಸಲ ಮಗು ಬೆಳೆದಂತೆ ತಾನೇ ಬಿಟ್ಟು ಹೋಗುತ್ತದೆ, ಕೆಲವರಿಗೆ ಶಾಲೆ ಸೇರುವ ಹೊತ್ತಿಗೆ, ಕೆಲವರಿಗೆ ಹರೆಯಕ್ಕೆ. ಕೇಸೀನ್ ಐಜಿಇ ತುಂಬಾ ಜಾಸ್ತಿ ಇದ್ದವರಿಗೆ, ಅಸ್ತಮಾ ಇದ್ದವರಿಗೆ ತಡ. ದೊಡ್ಡವರಾದ ಮೇಲೆ ಬಂದದ್ದು ಹೋಗುವುದು ಕಡಿಮೆ. ಹಾಲಿನ ಅಲರ್ಜಿ ಇರುವ ಮಕ್ಕಳಲ್ಲಿ ಸುಮಾರು 70 ಪ್ರತಿಶತ ಮಂದಿ, ಗೋದಿ ಹಿಟ್ಟಿನ ಜೊತೆ ಓವನ್‌ನಲ್ಲಿ ತುಂಬಾ ಹೊತ್ತು ಬೆಂದ ಹಾಲನ್ನು ತಡೆದುಕೊಳ್ಳುತ್ತಾರೆ. ಇದನ್ನು ಓದಿ ಮನೆಯಲ್ಲಿ ಕೇಕ್ ಕೊಟ್ಟು ನೋಡಬೇಡಿ. ಉಳಿದ 30ರಲ್ಲಿ ನಿಮ್ಮ ಮಗು ಇದ್ದರೆ ಅನಾಫೈಲ್ಯಾಕ್ಸಿಸ್ ಆಗಬಹುದು. ಆ ಪರೀಕ್ಷೆ ಆಸ್ಪತ್ರೆಯಲ್ಲೇ, ಆಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಡಾಕ್ಟರ್ ಮುಂದೆ ನಡೆಯಬೇಕು. ಹನಿ ಹನಿಯಾಗಿ ಹಾಲು ಕೊಟ್ಟು ಒಗ್ಗಿಸುವ ಚಿಕಿತ್ಸೆಯೂ ಇದೆ, ಅದನ್ನೂ ತಜ್ಞರೇ ಮಾಡಬೇಕು, ನೆಂಟರ ಚಮಚ ಆ ಚಿಕಿತ್ಸೆ ಅಲ್ಲ.

ವರ್ಷದ ಭೇಟಿಗೆ ಹೋಗುವಾಗ ಹಳೆಯ ಐಜಿಇ ವರದಿ, ವರ್ಷದಲ್ಲಿ ಆದ ಸಣ್ಣಪುಟ್ಟ ರಿಯಾಕ್ಷನ್‌ಗಳ ಟಿಪ್ಪಣಿ, ಈಗಿನ ತೂಕ, ಬಿ12 ಮತ್ತು ವಿಟಮಿನ್ ಡಿ ವರದಿ, ಮನೆಯಲ್ಲಿರುವ ಆಂಪೂಲ್ ಡಬ್ಬಿ ತೆಗೆದುಕೊಂಡು ಹೋಗಿ. ಮಗು ಬೆಳೆದಂತೆ ಡೋಸ್ ಬದಲಾಗುತ್ತದೆ, ಹೊಸ ಅಳತೆಯನ್ನು ಅಲ್ಲೇ ಡಬ್ಬಿಯ ಮೇಲೆ ಬರೆಸಿಕೊಳ್ಳಿ, ಶಾಲೆಯಲ್ಲಿಟ್ಟ ಇನ್ನೊಂದು ಡಬ್ಬಿಯ ಮೇಲಿನದ್ದನ್ನೂ ಅದೇ ವಾರ ಬದಲಿಸಿ.